ಯೆಸ್ ಬ್ಯಾಂಡಿನ 'ಹೆವನ್ ಅಂಡ್ ಅರ್ತ್': ಬೈಗುಳ ಎಲ್ಲ ಗಾಯಕನಿಗೇ ಯಾಕೆ?

ನಿಧಾನಗತಿ
ಬ್ರಿಟನ್ನಿನ ರಾಕ್ ಬ್ಯಾಂಡ್ ಯೆಸ್ ಬಗ್ಗೆ ಎಲ್ಲಿ ಮಾತು ಶುರುವಾದರೂ 2014ರ 'ಹೆವನ್ ಅಂಡ್ ಅರ್ತ್' ಹೆಸರು ಬಂದ ಕೂಡಲೇ ಒಂದೇ ತೀರ್ಪು: ಮೊದಲಿನ ಗಾಯಕ ಜಾನ್ ಆಂಡರ್ಸನ್ ಇರಲಿಲ್ಲ, ಅದಕ್ಕೇ ಹಾಳಾಯಿತು. ನಾನು ಇದನ್ನು ಒಪ್ಪುವುದಿಲ್ಲ.

ಆಲ್ಬಮ್ ಚೆನ್ನಾಗಿದೆ ಅಂತ ವಾದ ಮಾಡುತ್ತಿಲ್ಲ. ಚೆನ್ನಾಗಿಲ್ಲ. ಎಂಟು ಹಾಡು, 51 ನಿಮಿಷ, ಅದರಲ್ಲಿ ಮುಕ್ಕಾಲು ಪಾಲಿಗೆ ಜೀವವೇ ಇಲ್ಲ. ಆದರೆ ಹೊಸ ಗಾಯಕ ಜಾನ್ ಡೇವಿಸನ್ ತನ್ನ ಕೆಲಸ ಮಾಡಿದ್ದಾನೆ. ಶ್ರುತಿ ಎಲ್ಲೂ ಬಿಟ್ಟಿಲ್ಲ. ಮೇಲಿನ ಸ್ವರಗಳು ಅವನಿಗೆ ಸಲೀಸು. ತೊಂದರೆ ಇರುವುದು ಅವನ ಹಿಂದೆ ನುಡಿಸುತ್ತಿರುವ ನಾಲ್ವರು ಹಿರಿಯರಲ್ಲಿ, ಮತ್ತು ಅದನ್ನು ರೆಕಾರ್ಡ್ ಮಾಡಿದ ರೀತಿಯಲ್ಲಿ.

ಮೊದಲ ಹಾಡು 'ಬಿಲೀವ್ ಅಗೇನ್' ತೆಗೆದುಕೊಳ್ಳಿ. ಎಂಟು ನಿಮಿಷ ಇದೆ. ಆ ಎಂಟು ನಿಮಿಷದಲ್ಲಿ ಯಾರೂ ಯಾರನ್ನೂ ಕೆಣಕುವುದಿಲ್ಲ, ಯಾರೂ ಮುಂದೆ ನುಗ್ಗುವುದಿಲ್ಲ. 1972ರಲ್ಲಿ ಇವರದೇ 'ಕ್ಲೋಸ್ ಟು ದಿ ಎಡ್ಜ್' ಶುರುವಾಗುವುದನ್ನು ನೆನಪು ಮಾಡಿಕೊಳ್ಳಿ. ಹಕ್ಕಿ, ನೀರಿನ ಸದ್ದು ಮುಗಿದದ್ದೇ ಗಿಟಾರು, ಬೇಸು, ಡ್ರಮ್ಸು ಮೂರೂ ಒಂದರ ಮೇಲೊಂದು ಬಿದ್ದು ಓಡುತ್ತವೆ.

ನಿಮಗೇನನ್ನಿಸುತ್ತದೆ? ಗಾಯಕನ ತಪ್ಪಾ, ಪ್ರೊಡ್ಯೂಸರ್ ತಪ್ಪಾ, ವಯಸ್ಸಾ?

ರೆಕಾರ್ಡ್ ರಂಗಣ್ಣ
ಆಂಡರ್ಸನ್ ಇಲ್ಲದ ಯೆಸ್ ಯೆಸ್ಸೇ ಅಲ್ಲ. ಚರ್ಚೆ ಮುಗಿಯಿತು.

ನಿಧಾನಗತಿ
ಸಾರ್, ಯೆಸ್ ಮಾಡಿದ 'ಡ್ರಾಮಾ' ಆಲ್ಬಮ್ಮಿನಲ್ಲೂ ಆಂಡರ್ಸನ್ ಇರಲಿಲ್ಲ. ನಿಮ್ಮ ಪ್ರೊಫೈಲ್ ಫೋಟೋದಲ್ಲಿ ಹಿಂದಿನ ಕಪಾಟಿನಲ್ಲಿ ಅದೇ ರೆಕಾರ್ಡ್ ಕಾಣುತ್ತಿದೆ.

ರೆಕಾರ್ಡ್ ರಂಗಣ್ಣ
ಅದು ಬೇರೆ.

ತಾಳ ತಪ್ಪಿದವ
ಹೇಗೆ ಬೇರೆ ಅಂತ ಹೇಳಿ ರಂಗಣ್ಣ, ಸುಮ್ನೆ ಜಾರಿಕೊಳ್ಳಬೇಡಿ. 1980ರಲ್ಲಿ ಆಂಡರ್ಸನ್, ಕೀಬೋರ್ಡಿನ ರಿಕ್ ವೇಕ್‌ಮನ್ ಇಬ್ಬರೂ ಹೊರಗೆ. ಒಳಗೆ ಬಂದವರು 'ವಿಡಿಯೋ ಕಿಲ್ಡ್ ದ ರೇಡಿಯೋ ಸ್ಟಾರ್' ಮಾಡಿದ ಬಗಲ್ಸ್ ಜೋಡಿ: ಟ್ರೆವರ್ ಹಾರ್ನ್, ಜೆಫ್ ಡೌನ್ಸ್. ಪಾಪ್ ಹುಡುಗರನ್ನು ಒಳಗೆ ಬಿಟ್ಟುಕೊಂಡರು ಅಂತ ಆಗ ಅಭಿಮಾನಿಗಳು ಸರಿಯಾಗಿ ಉಗಿದರು. ಈಗ ಅದೇ ಆಲ್ಬಮ್ಮನ್ನು ತಲೆ ಮೇಲೆ ಹೊತ್ತುಕೊಂಡಿದ್ದಾರೆ. ಯಾಕೆ? 'ಮಷೀನ್ ಮೆಸಾಯಾ'ದಲ್ಲಿ ಬ್ಯಾಂಡು ಹಲ್ಲು ಕಚ್ಚಿ ನುಡಿಸಿದೆ. ಏನೋ ಸಾಧಿಸಿ ತೋರಿಸಬೇಕು ಅನ್ನುವ ಹಟ ಕೇಳಿಸುತ್ತದೆ. 2014ರದ್ದರಲ್ಲಿ ಯಾರಿಗೂ ಯಾವ ಹಟವೂ ಇಲ್ಲ.

ನಾನು ಡ್ರಮ್ಸ್ ನುಡಿಸುವವನು. ಅಲನ್ ವೈಟ್ ಮೇಲೆ ನನಗೆ ಬಹಳ ಗೌರವ. ಲೆನನ್ ಅವರ 'ಇಮ್ಯಾಜಿನ್'ಗೆ ಡ್ರಮ್ಸ್ ನುಡಿಸಿದವರು. 1972ರಲ್ಲಿ ಹಳೇ ಡ್ರಮ್ಮರ್ ಬಿಲ್ ಬ್ರುಫರ್ಡ್ ಬಿಟ್ಟು ಹೋದಾಗ ಟೂರ್‌ಗೆ ಮೂರೇ ದಿನ ಇತ್ತು, ಅಷ್ಟರಲ್ಲಿ ಆ ಕಷ್ಟದ ಹಾಡುಗಳನ್ನೆಲ್ಲ ಕಲಿತು ವೇದಿಕೆ ಹತ್ತಿದ ಮನುಷ್ಯ. ಅಂಥವರು ಈ ಆಲ್ಬಮ್ಮಿನಲ್ಲಿ ಸ್ನೇರ್ ಡ್ರಮ್ ಮೇಲೆ ಎರಡು, ನಾಲ್ಕು, ಎರಡು, ನಾಲ್ಕು ಅಂತ ಹೊಡೆದುಕೊಂಡು ಹೋಗಿದ್ದಾರೆ. ರೋಲ್ ಬಂದರೂ ಮೆಲ್ಲಗೆ ಬಂದು ಮೆಲ್ಲಗೆ ಹೋಗುತ್ತದೆ.

ಜೋಜೋ ಹುಡುಗ
ನಾನು ಯೆಸ್ ಕೇಳಲು ಶುರು ಮಾಡಿದ್ದೇ ಜೋಜೋ ಅನಿಮೆ ಕೊನೆಯಲ್ಲಿ ಬರುವ 'ರೌಂಡಬೌಟ್'ನಿಂದ. ಆಮೇಲೆ ಆ್ಯಪ್ ತಾನಾಗೇ 'ಹೆವನ್ ಅಂಡ್ ಅರ್ತ್' ಹಾಕಿತು. ಬೇರೆ ಯಾವುದೋ ಬ್ಯಾಂಡ್ ಅಂದುಕೊಂಡೆ. ಬೈಬೇಡಿ ಪ್ಲೀಸ್.

ರೆಕಾರ್ಡ್ ರಂಗಣ್ಣ
ಬೈಯಲ್ಲ ಮಗಾ. ಸರಿಯಾಗೇ ಅಂದುಕೊಂಡಿದ್ದೀಯ.

ಶಾಂತಲಾ ಮಿಕ್ಸಿಂಗ್
ನನ್ನ ಹೊಟ್ಟೆಪಾಡೇ ಸ್ಟುಡಿಯೋ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಒಳ್ಳೆ ಹೆಡ್‌ಫೋನ್ ಹಾಕಿಕೊಂಡು ಎರಡು ಹಾಡು ಕೇಳಿ. ಮೊದಲು ಹಳೇ 'ರೌಂಡಬೌಟ್', ಆಮೇಲೆ ಈ ಆಲ್ಬಮ್ಮಿನ 'ದ ಗೇಮ್'. ಎರಡರಲ್ಲೂ ಬೇಸ್ ನುಡಿಸಿದ್ದು ಕ್ರಿಸ್ ಸ್ಕ್ವಯರ್. ಮೊದಲನೆಯದರಲ್ಲಿ ರಿಕನ್‌ಬ್ಯಾಕರ್ ಬೇಸನ್ನು ಪಿಕ್ಕಿನಲ್ಲಿ ಹೊಡೆದಿದ್ದಾರೆ. ಪಿಕ್ಕು ತಂತಿಗೆ ತಾಗುವ ಕಟಕಟ ಸದ್ದು ಸಮೇತ ಕೇಳಿಸುತ್ತದೆ. ಬೇಸು ಗಿಟಾರಿಗಿಂತ ಮುಂದೆ ನಿಂತಿದೆ. 'ದ ಗೇಮ್'ನಲ್ಲಿ ಬೇಸ್ ಎಲ್ಲಿದೆ ಅಂತ ಹುಡುಕಬೇಕು. ಕೆಳಗೆಲ್ಲೋ ಗುಂಯ್ ಅನ್ನುತ್ತಿರುತ್ತದೆ. ಅದರ ಮೇಲೆ ಡೌನ್ಸ್ ಅವರ ಕೀಬೋರ್ಡ್ ಮೆತ್ತಗೆ ಹರಡಿಕೊಂಡಿದೆ, ಅದರ ಮೇಲೆ ಹಿಮ್ಮೇಳದ ದನಿಗಳು ಪದರ ಪದರ. ನಡುವಿನ ಜಾಗ ಎಲ್ಲಾ ತುಂಬಿಹೋಗಿ ಸ್ಟೀವ್ ಹೌ ಅವರ ಗಿಟಾರಿಗೆ ಕಾಲಿಡಲು ಜಾಗ ಇಲ್ಲ.

ಹಾಡು ನಿಧಾನ ಅನ್ನಿಸಲು ಇದೂ ಕಾರಣ. ಏಟಿನ ತುದಿ ಮೊಂಡಾದರೆ ಅಷ್ಟೇ ವೇಗದ ಹಾಡೂ ಎಳೆದ ಹಾಗೆ ಕೇಳುತ್ತದೆ. ಸ್ನೇರ್ 'ಟಕ್' ಅನ್ನಬೇಕು. ಇಲ್ಲಿ 'ಧಪ್' ಅನ್ನುತ್ತದೆ. ಹಾಡಿನ ನಿಜವಾದ ವೇಗ ಎಷ್ಟು ಅನ್ನುವುದು ಆಮೇಲಿನ ಮಾತು.

ಬೇಸ್ ಬಸ್ಯಾ
ಬರೋಬ್ಬರಿ ಹೇಳಿದಿರಿ ಅಕ್ಕಾ. ನಾನು ಹುಬ್ಬಳ್ಳಿಯಲ್ಲಿ ಕಾಲೇಜು ಬ್ಯಾಂಡಿನಲ್ಲಿ ಬೇಸ್ ಹಿಡಿದದ್ದೇ ಸ್ಕ್ವಯರ್ ಕೇಳಿ. ಎಲ್ಲರೂ ಗಿಟಾರಿಗೆ ಜಗಳ ಆಡುವಾಗ ನಾನು ಖುಷಿಯಿಂದ ಬೇಸ್ ತೊಗೊಂಡೆ. ಆ ಮನುಷ್ಯ ಬೇಸಿನಲ್ಲೇ ಹಾಡು ಹೇಳುತ್ತಿದ್ದ.

1968ರಲ್ಲಿ ಲಂಡನ್ನಿನಲ್ಲಿ ಆಂಡರ್ಸನ್ ಜೊತೆ ಬ್ಯಾಂಡ್ ಕಟ್ಟಿದವನು. ಯಾರು ಬಂದರು, ಯಾರು ಹೋದರು, ಇವನು ಮಾತ್ರ ಕದಲಲಿಲ್ಲ. 2014ರವರೆಗೆ ಪ್ರತಿ ಸ್ಟುಡಿಯೋ ಆಲ್ಬಮ್ಮಿನಲ್ಲೂ ಇರುವ ಹೆಸರು ಇವನೊಬ್ಬನದೇ. 2015ರ ಜೂನ್ 27ಕ್ಕೆ ರಕ್ತದ ಕ್ಯಾನ್ಸರ್‌ನಿಂದ ಹೋದ. 'ಹೆವನ್ ಅಂಡ್ ಅರ್ತ್' ಅವನ ಕಡೆಯ ಸ್ಟುಡಿಯೋ ಆಲ್ಬಮ್. ಅದರಲ್ಲೇ ಅವನ ಬೇಸ್ ಕೇಳಿಸಲ್ಲ ಅಂದರೆ ಹೊಟ್ಟೆ ಉರಿಯುತ್ತದೆ, ಖರೇನ.

ಎಡಿಸನ್ ಎಕ್ಸ್‌ಪ್ರೆಸ್
2014ರ ಬೇಸಿಗೆಯಲ್ಲಿ ಆ ಟೂರ್ ನೋಡಿದ್ದೇನೆ, ಇಲ್ಲೇ ಅಮೆರಿಕದ ನ್ಯೂಜರ್ಸಿ ಕಡೆ. ಹಳೇ ಆಲ್ಬಮ್ 'ಫ್ರಜೈಲ್' ಮತ್ತು 'ಕ್ಲೋಸ್ ಟು ದಿ ಎಡ್ಜ್' ಎರಡನ್ನೂ ಮೊದಲಿಂದ ಕೊನೆವರೆಗೆ ನುಡಿಸಿದರು. ಹೊಸ ಆಲ್ಬಮ್ಮಿಂದ ಒಂದೆರಡು ಹಾಡು ಅಷ್ಟೇ, ಶಾಸ್ತ್ರಕ್ಕೆ. ಹೊಸ ಹಾಡು ಅಂತ ಹೇಳಿದ್ದೇ ತಡ, ನಮ್ಮ ಸಾಲಿನವರೆಲ್ಲ ಎದ್ದರು. ಅರ್ಧ ಜನ ಬಿಯರ್ ಕ್ಯೂಗೆ, ಅರ್ಧ ಜನ ಟಾಯ್ಲೆಟ್ ಕ್ಯೂಗೆ. ಎಲ್ಲಾ ಅರವತ್ತು ದಾಟಿದವರು, ಟಾಯ್ಲೆಟ್ ಕ್ಯೂನೇ ಉದ್ದ ಇತ್ತು.

ಆದರೆ ಒಂದು ಮಾತು. ಡೇವಿಸನ್ ವೇದಿಕೆ ಮೇಲೆ ಚೆನ್ನಾಗಿದ್ದ. 'ಅಂಡ್ ಯು ಅಂಡ್ ಐ' ಹಾಡುವಾಗ ನನ್ನ ಪಕ್ಕದ ಮುದುಕ ಅಮೆರಿಕನ್ ಕಣ್ಣೊರೆಸಿಕೊಳ್ಳುತ್ತಿದ್ದ. ಗಾಯಕನ ಮೇಲೆ ಹೇಳುವ ದೂರು ನಿಲ್ಲುವುದಿಲ್ಲ.

ರೆಕಾರ್ಡ್ ರಂಗಣ್ಣ
ಆಂಡರ್ಸನ್ ಬರೆದ ಹಾಡಿಗೆ ಅತ್ತ. ಡೇವಿಸನ್ ಬರೆದ ಹಾಡಿಗೆ ಅತ್ತನಾ?

ಎಡಿಸನ್ ಎಕ್ಸ್‌ಪ್ರೆಸ್
ಆಗ ಅವನು ಕ್ಯೂನಲ್ಲಿದ್ದ.

ಮಲ್ಲೇಶ್ವರಂ ಮಾಮ
ಪ್ರೊಡ್ಯೂಸರ್ ವಿಷಯ ಯಾರೂ ಎತ್ತಲಿಲ್ಲವಲ್ಲ. ರಾಯ್ ಥಾಮಸ್ ಬೇಕರ್. ಕ್ವೀನ್ ಅವರ 'ಬೊಹೆಮಿಯನ್ ರಾಪ್ಸಡಿ' ಮಾಡಿಸಿದ ಆಸಾಮಿ, ಸಣ್ಣ ಹೆಸರಲ್ಲ. ಯೆಸ್ ಬ್ಯಾಂಡಿಗೂ ಬೇಕರ್ ಅವರಿಗೂ ಹಳೇ ಕಥೆ ಒಂದಿದೆ. 1979ರಲ್ಲಿ ಪ್ಯಾರಿಸ್‌ನಲ್ಲಿ ಇದೇ ಬೇಕರ್ ಜೊತೆ ಆಲ್ಬಮ್ ಮಾಡಲು ಕೂತಿದ್ದರು. ಒಳಗೊಳಗೇ ಜಗಳ. ಒಂದು ಕಡೆ ಆಂಡರ್ಸನ್, ವೇಕ್‌ಮನ್. ಇನ್ನೊಂದು ಕಡೆ ಉಳಿದ ಮೂವರು. ಅಷ್ಟರಲ್ಲಿ ಅಲನ್ ವೈಟ್ ರೋಲರ್ ಸ್ಕೇಟಿಂಗ್ ಮಾಡಲು ಹೋಗಿ ಕಾಲು ಮುರಿದುಕೊಂಡರು. ಅಲ್ಲಿಗೆ ಕೆಲಸ ಬಂದ್. ಆಲ್ಬಮ್ ಆಗಲೇ ಇಲ್ಲ. ಅದಾಗಿ ಸ್ವಲ್ಪ ದಿನಕ್ಕೇ ಆಂಡರ್ಸನ್, ವೇಕ್‌ಮನ್ ಬಿಟ್ಟರು, 'ಡ್ರಾಮಾ' ಹುಟ್ಟಿತು. ಆ ಪ್ಯಾರಿಸ್ ತುಣುಕುಗಳು 2004ರಲ್ಲಿ 'ಡ್ರಾಮಾ' ಮತ್ತೆ ಬಂದಾಗ ಬೋನಸ್ಸಾಗಿ ಸೇರಿವೆ, ಕೇಳಿ ನೋಡಿ.

ಹಾಗಾಗಿ 35 ವರ್ಷದ ಹಿಂದೆ ಕೈಕೊಟ್ಟ ಜೋಡಿಯನ್ನು ಮತ್ತೆ ಕೂಡಿಸಿದಾಗಲೇ ನನಗೆ ಅನುಮಾನ ಬಂದಿತ್ತು.

ಶಾಂತಲಾ ಮಿಕ್ಸಿಂಗ್
ಮಾಮಾ, ಕಥೆ ಸರಿ. ಆದರೆ ಎಲ್ಲವನ್ನೂ ಬೇಕರ್ ತಲೆಗೆ ಕಟ್ಟಬೇಡಿ. ಮಿಕ್ಸಿಂಗ್ ಮಾಡಿದ್ದು ಬಿಲ್ಲಿ ಶೆರ್ವುಡ್. ಸ್ಕ್ವಯರ್ ಹೋದ ಮೇಲೆ ಬೇಸ್ ಹಿಡಿದವರೂ ಇವರೇ. ಜನವರಿಯಲ್ಲಿ ಲಾಸ್ ಏಂಜಲಿಸ್‌ನಲ್ಲಿ ರೆಕಾರ್ಡಿಂಗ್ ಶುರು, ಮಾರ್ಚ್‌ನಲ್ಲಿ ಕೆನಡಾ ಟೂರ್. ಆ ಗಡುವಿನಲ್ಲಿ ಎಂಟು ಹಾಡು. ಹಾಡನ್ನು ಒಂದಷ್ಟು ದಿನ ನುಡಿಸಿ, ಪಳಗಿಸಿ, ಬೇಡದ್ದನ್ನು ಕಿತ್ತು ಹಾಕಿ, ಆಮೇಲೆ ಟೇಪ್ ಮಾಡುವುದಕ್ಕೆ ಸಮಯ ಎಲ್ಲಿ? ನನ್ನ ಕಿವಿಗೆ ಇದು ಅರ್ಧ ಬೆಂದ ಡೆಮೊ ಮೇಲೆ ಪಾಲಿಶ್ ಹೊಡೆದ ಕೆಲಸ.

ತಾಳ ತಪ್ಪಿದವ
ಹೌ ಕೂಡ ಆಮೇಲೆ ಆ ಆಲ್ಬಮ್ ಬಗ್ಗೆ ಅಸಮಾಧಾನ ಹೇಳಿಕೊಂಡಿದ್ದಾರೆ. ಮುಂದಿನ ಎರಡು ಆಲ್ಬಮ್, 2021ರ 'ದ ಕ್ವೆಸ್ಟ್', 2023ರ 'ಮಿರರ್ ಟು ದ ಸ್ಕೈ', ಎರಡನ್ನೂ ತಾವೇ ಪ್ರೊಡ್ಯೂಸ್ ಮಾಡಿದರು. ಹೊರಗಿನವರ ಸಹವಾಸವೇ ಬೇಡ ಅಂತ ಇರಬೇಕು.

ಸುಮ್ನೆ ಕೇಳೋನು
ಯೂಟ್ಯೂಬ್‌ನಲ್ಲಿ 1.25 ಸ್ಪೀಡ್ ಇಟ್ಟು ಕೇಳಿ. ಏನೂ ಆಗಲ್ಲ. ಮಜಾ ಬರುತ್ತದೆ.

ಶಾಂತಲಾ ಮಿಕ್ಸಿಂಗ್
ಅಯ್ಯೋ ದೇವರೇ.

ಬೇಸ್ ಬಸ್ಯಾ
ಈಗ 'ಸ್ಟೆಪ್ ಬಿಯಾಂಡ್' ಹಾಕಿ ನೋಡಿದೆ. ಆ ಕೀಬೋರ್ಡಿನ ಕುಣಿಯೋ ಟ್ಯೂನ್ ಸ್ಪೀಡ್ ಮಾಡಿದರೆ ಇನ್ನೂ ತಲೆನೋವು ಮಾರಾಯಾ. ಮಕ್ಕಳ ಆಟಿಕೆ ಜಾಹೀರಾತಿಗೆ ಹಾಕಬಹುದು. 'ಲೈಟ್ ಆಫ್ ದಿ ಏಜಸ್' ಮಾತ್ರ ನಿಜವಾಗಲೂ ಸುಧಾರಿಸಿತು.

ಚೆಂಡೆ ಮದ್ದಳೆ
ಉಡುಪಿಯಿಂದ. ನನ್ನದೊಂದು ಮಾತು. ಯಕ್ಷಗಾನದಲ್ಲಿ ಮೇಳದ ಭಾಗವತರು ಬದಲಾದರೂ ಮೇಳದ ಹೆಸರು ಬದಲಾಗುವುದಿಲ್ಲ. ಹೊಸ ಭಾಗವತರು ಬಂದಾಗ ಒಂದೆರಡು ವರ್ಷ ಹಳಬರು ಗೊಣಗುತ್ತಾರೆ. ಆಮೇಲೆ ಅಭ್ಯಾಸ ಆಗುತ್ತದೆ. ಆದರೆ ಹೊಸಬರು ಹಳಬರ ದನಿಯನ್ನೇ ನಕಲು ಮಾಡಿದರೆ ಗೊಣಗಾಟ ನಿಲ್ಲುವುದಿಲ್ಲ ಮಾರಾಯ್ರೆ. ಡೇವಿಸನ್ ಪಾಡು ಅದೇ ಅಲ್ವಾ? ಕೇಳಿದರೆ ಆಂಡರ್ಸನ್ ಅಂತಲೇ ಅನ್ನಿಸಬೇಕು, ಆದರೆ ಆಂಡರ್ಸನ್ ಅಲ್ಲ.

ನಿಧಾನಗತಿ
ಆ ಷರತ್ತು ಹಾಕಿದವರು ಯಾರು ಅಂತ ನೋಡಬೇಕು. 2008ರಲ್ಲಿ ಆಂಡರ್ಸನ್‌ಗೆ ಉಸಿರಾಟದ ತೊಂದರೆ ಜೋರಾಗಿ ಆಸ್ಪತ್ರೆ ಸೇರಿದರು. ಬ್ಯಾಂಡು ಕಾಯಲಿಲ್ಲ. ಕೆನಡಾದ ಬೆನ್ವಾ ಡೇವಿಡ್ ಅನ್ನುವವನನ್ನು ಕರೆತಂದರು. ಅವನು ಯೆಸ್ ಹಾಡುಗಳನ್ನೇ ಹಾಡುವ ಟ್ರಿಬ್ಯೂಟ್ ಬ್ಯಾಂಡಿನವನು, ಯೂಟ್ಯೂಬ್ ನೋಡಿ ಹುಡುಕಿದ್ದು. 2011ರ 'ಫ್ಲೈ ಫ್ರಮ್ ಹಿಯರ್' ಅವನದು. ಅವನಿಗೂ ಉಸಿರಾಟದ ಕಾಯಿಲೆ ಬಂತು. 2012ರಲ್ಲಿ ಡೇವಿಸನ್. ಇವನೂ ಯೆಸ್ ಟ್ರಿಬ್ಯೂಟ್ ಬ್ಯಾಂಡಿನಲ್ಲಿ ಹಾಡಿದವನು. ಜೊತೆಗೆ ಗ್ಲಾಸ್ ಹ್ಯಾಮರ್ ಬ್ಯಾಂಡಿನ ಗಾಯಕ. ಅವನ ಬಾಲ್ಯದ ಗೆಳೆಯ, ಫೂ ಫೈಟರ್ಸ್ ಡ್ರಮ್ಮರ್ ಟೇಲರ್ ಹಾಕಿನ್ಸ್, ಸ್ಕ್ವಯರ್ ಕಿವಿಗೆ ಹಾಕಿದ್ದು.

ಎರಡು ಸಲವೂ ಬ್ಯಾಂಡ್ ಬೇಕು ಅಂದದ್ದು ಅದೇ ದನಿಯನ್ನು. ಟೂರ್ ಟಿಕೆಟ್ ಮಾರಾಟ ಆಗಬೇಕಲ್ಲ. ನಕಲಿನ ಆರೋಪ ಹೊರಿಸುವುದಾದರೆ ಕರೆದವರ ಮೇಲೆ ಹೊರಿಸಿ.

ರೆಕಾರ್ಡ್ ರಂಗಣ್ಣ
ಸರಿ, ದನಿ ಬಿಡಿ. ಹಾಡು ಬರೆದವರು ಯಾರು? ಆಲ್ಬಮ್ ಹಿಂದೆ ಅಚ್ಚಾದದ್ದನ್ನು ಓದಿ. ಎಂಟರಲ್ಲಿ ಏಳು ಹಾಡಿನಲ್ಲಿ ಡೇವಿಸನ್ ಹೆಸರಿದೆ. ಏಳು! 'ಬಿಲೀವ್ ಅಗೇನ್' ಹೌ ಜೊತೆ. 'ಟು ಅಸೆಂಡ್' ವೈಟ್ ಜೊತೆ. 'ಸಬ್‌ವೇ ವಾಲ್ಸ್' ಡೌನ್ಸ್ ಜೊತೆ. 'ಇನ್ ಎ ವರ್ಲ್ಡ್ ಆಫ್ ಅವರ್ ಓನ್' ಸ್ಕ್ವಯರ್ ಜೊತೆ. 'ಲೈಟ್ ಆಫ್ ದಿ ಏಜಸ್' ಪೂರ್ತಿ ಅವನೊಬ್ಬನದೇ. ಬೈಗುಳ ಅವನಿಗೇ ಯಾಕೆ ಅಂತ ಕೇಳಿದಿರಿ. ಇದಕ್ಕೇ.

ತಾಳ ತಪ್ಪಿದವ
ರಂಗಣ್ಣ ಇವತ್ತು ಕಾಫಿ ಕುಡಿದು ಬಂದಿದ್ದಾರೆ.

ನಿಧಾನಗತಿ
ಒಳ್ಳೆ ಪಾಯಿಂಟ್, ಆದರೆ ಅದನ್ನೇ ತಿರುಗಿಸಿ ನೋಡಿ. ಡೇವಿಸನ್ ಒಬ್ಬೊಬ್ಬರ ಹತ್ತಿರ ಹೋಗಿ ಕೂತು ಹಾಡು ಬರೆಸಿದ. ನೀವು ಕೊಟ್ಟ ಪಟ್ಟಿಯಲ್ಲೇ ಇದೆಯಲ್ಲ: ಒಬ್ಬರ ಜೊತೆ ಒಂದು, ಇನ್ನೊಬ್ಬರ ಜೊತೆ ಇನ್ನೊಂದು. ಐದು ಜನ ಒಂದೇ ಕೋಣೆಯಲ್ಲಿ ಕೂತು ಕಿತ್ತಾಡಿ ಮಾಡಿದ ಹಾಡು ಒಂದೂ ಇಲ್ಲ. ಎಪ್ಪತ್ತರ ದಶಕದ ಯೆಸ್ ಅಂದರೆ ಆ ಕಿತ್ತಾಟವೇ. ಹೊಸ ಹುಡುಗ ಹಿರಿಯರ ಮುಂದೆ 'ಸಾರ್, ಈ ಭಾಗ ಬೋರು, ಕಿತ್ತು ಹಾಕೋಣ' ಅಂತ ಹೇಳಲು ಆಗುತ್ತದಾ? ಮನೆಗೆ ಬಂದ ಹೊಸ ಅಳಿಯನೂ ಅಷ್ಟು ಧೈರ್ಯ ಮಾಡಲ್ಲ.

ಇನ್ನು, ಡೇವಿಸನ್ ಕೈ ಇಲ್ಲದ ಒಂದೇ ಹಾಡು 'ಇಟ್ ವಾಸ್ ಆಲ್ ವಿ ನ್ಯೂ'. ಅದನ್ನು ಬರೆದದ್ದು ಹೌ ಒಬ್ಬರೇ. ಅದು ಉಳಿದ ಏಳಕ್ಕಿಂತ ಚೆನ್ನಾಗಿದೆಯಾ? ಎದೆ ಮುಟ್ಟಿಕೊಂಡು ಹೇಳಿ.

ರೆಕಾರ್ಡ್ ರಂಗಣ್ಣ
ಅದು ಬಾಲವಾಡಿ ಪದ್ಯ. ಒಪ್ಪಿದೆ. ನಡುವೆ ಅರ್ಧ ನಿಮಿಷ ಗಿಟಾರ್ ಗುರ್ ಅನ್ನುತ್ತದೆ, ಅಷ್ಟು ಬಿಟ್ಟರೆ ಏನೂ ಇಲ್ಲ.

ಎಡಿಸನ್ ಎಕ್ಸ್‌ಪ್ರೆಸ್
ವಯಸ್ಸು ಅನ್ನುವವರಿಗೆ ನನ್ನ ಪ್ರಶ್ನೆ. ಆಗ ಸ್ಕ್ವಯರ್‌ಗೆ 66, ಹೌಗೆ 67. ಒಪ್ಪುತ್ತೇನೆ. ಆದರೆ 2024ರಲ್ಲಿ ಆಂಡರ್ಸನ್ 'ಟ್ರೂ' ಅಂತ ಆಲ್ಬಮ್ ತಂದರು, ಬ್ಯಾಂಡ್ ಗೀಕ್ಸ್ ಅನ್ನುವ ತಂಡದ ಜೊತೆ. ಆಗ ಅವರಿಗೆ 79. ಮೊದಲ ಹಾಡೇ ಎದ್ದು ಕೂರಿಸುತ್ತದೆ. ಅಲ್ಲಿ ಹಾಡುವವರು ಮುದುಕರು, ನುಡಿಸುವವರು ಅವರಿಗಿಂತ ಎಷ್ಟೋ ಚಿಕ್ಕವರು. 'ಹೆವನ್ ಅಂಡ್ ಅರ್ತ್'ನಲ್ಲಿ ಉಲ್ಟಾ.

ನಿಧಾನಗತಿ
ನಾನು ಹೇಳುತ್ತಿರುವುದೂ ಅದೇ! ಓಡುವವರು ಹಿಂದೆ ಇರಬೇಕು.

ರೆಕಾರ್ಡ್ ರಂಗಣ್ಣ
'ಟ್ರೂ' ಚೆನ್ನಾಗಿರುವುದು ಅದರಲ್ಲಿ ಆಂಡರ್ಸನ್ ಇರುವುದಕ್ಕೆ. ಸರಳವಾದ ವಿಷಯವನ್ನು ಯಾಕೆ ಸುತ್ತಿ ಬಳಸಿ ಹೇಳುತ್ತೀರಿ?

ಮಲ್ಲೇಶ್ವರಂ ಮಾಮ
ಆಂಡರ್ಸನ್ ಇದ್ದರೆ ಸಾಕು ಅನ್ನುವವರಿಗೆ ಎರಡು ಹೆಸರು ಹೇಳಿ ಸುಮ್ಮನಾಗುತ್ತೇನೆ. 'ಯೂನಿಯನ್', 1991. 'ಓಪನ್ ಯುವರ್ ಐಸ್', 1997. ಎರಡರಲ್ಲೂ ಆಂಡರ್ಸನ್ ಇದ್ದಾರೆ.

'ಯೂನಿಯನ್'ನಲ್ಲಿ ಎಂಟು ಜನ. ಹಳೇ ಯೆಸ್, ಹೊಸ ಯೆಸ್ ಎರಡೂ ಸೇರಿಸಿದ ಸಂತೆ. ಪ್ರೊಡ್ಯೂಸರ್ ಜೊನಾಥನ್ ಇಲಾಯಸ್ ಹೊರಗಿನ ಬಾಡಿಗೆ ನುಡಿಸುವವರನ್ನು ಕರೆಸಿ ಎಷ್ಟೋ ಭಾಗ ನುಡಿಸಿದರು. ಹೌ ಅವರ ಗಿಟಾರನ್ನೂ ಹಲವು ಕಡೆ ಬೇರೆಯವರೇ ನುಡಿಸಿದ್ದಾರೆ. ವೇಕ್‌ಮನ್ ಅದನ್ನು 'ಆನಿಯನ್' ಅಂತ ಕರೆಯುತ್ತಾರೆ, ಕೇಳಿದಾಗಲೆಲ್ಲ ಅಳು ಬರುತ್ತದಂತೆ.

'ಓಪನ್ ಯುವರ್ ಐಸ್' ಮೂಲದಲ್ಲಿ ಸ್ಕ್ವಯರ್ ಮತ್ತು ಶೆರ್ವುಡ್ ಬೇರೆ ಮಾಡಿಟ್ಟುಕೊಂಡಿದ್ದ ಹಾಡುಗಳು. ಬ್ಯಾಂಡಿನ ಹೆಸರಿಗೆ ಆಲ್ಬಮ್ ಬೇಕಾಗಿ ಅದನ್ನೇ ಯೆಸ್ ಅಂತ ಮಾಡಿದರು. ಹಾಡೆಲ್ಲ ಮುಗಿದ ಮೇಲೆ ಹಕ್ಕಿ, ನೀರಿನ ಸದ್ದು ಹತ್ತು ಹದಿನೈದು ನಿಮಿಷ ಸುಮ್ನೆ ಓಡುತ್ತದೆ. ನಾನು ಸಿಡಿ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ತೆಗೆದುಕೊಂಡು ಹೋಗಿದ್ದೆ. ಅಂಗಡಿಯ ಹುಡುಗ ಇಡೀ ಹದಿನೈದು ನಿಮಿಷ ನನ್ನ ಜೊತೆ ನಿಂತು ಕೇಳಿದ. ಆಮೇಲೆ ಹೇಳಿದ, 'ಸಾರ್, ಇದೇ ಇದರಲ್ಲಿ ಚೆನ್ನಾಗಿರೋದು'.

ಜೋಜೋ ಹುಡುಗ
😂😂😂

ಗಣಿತ ಮೇಷ್ಟ್ರು
ಈಗ ನೋಡಿದೆ ಈ ಚರ್ಚೆ. ಮುಖಪುಟದ ಚಿತ್ರದ ಬಗ್ಗೆ ಯಾರೂ ಮಾತಾಡಲಿಲ್ಲ. ರೋಜರ್ ಡೀನ್ ಅವರದೇ, ಎಂದಿನ ಹಾಗೆ. ಅದು ಮಾತ್ರ ಚೆನ್ನಾಗಿದೆ. ಆ ಡೀನ್ 2013ರಲ್ಲಿ 'ಅವತಾರ್' ಸಿನಿಮಾದ ಜೇಮ್ಸ್ ಕ್ಯಾಮರೂನ್ ಮೇಲೆ ಕೇಸು ಹಾಕಿದ್ದರು ಗೊತ್ತಾ? ಗಾಳಿಯಲ್ಲಿ ತೇಲುವ ಬೆಟ್ಟ, ಕಮಾನಿನಂಥ ಬಂಡೆ, ಎಲ್ಲಾ ನನ್ನ ಚಿತ್ರಗಳಿಂದ ಎತ್ತಿದ್ದು ಅಂತ. ಕೇಳಿದ್ದು 5 ಕೋಟಿ ಡಾಲರ್. ಈ ಆಲ್ಬಮ್ ಬಂದ ವರ್ಷವೇ ನ್ಯೂಯಾರ್ಕ್ ಕೋರ್ಟು ಕೇಸು ವಜಾ ಮಾಡಿತು. ಪಾಪ, 2014 ಯೆಸ್ ಕಡೆಯವರಿಗೆ ಯಾರಿಗೂ ಕೂಡಿ ಬರಲಿಲ್ಲ.

ಚೆಂಡೆ ಮದ್ದಳೆ
ಕೇಸು ಗೆಲ್ಲಬೇಕಿತ್ತು. ಆ ಬೆಟ್ಟಗಳನ್ನು ನಾನು 'ಅವತಾರ್' ಬರುವ ಎಷ್ಟೋ ವರ್ಷ ಮುಂಚೆ ಕ್ಯಾಸೆಟ್ ಕವರಿನಲ್ಲಿ ನೋಡಿದ್ದೆ.

ತಾಳ ತಪ್ಪಿದವ
ದಯವಿಟ್ಟು ವಿಷಯಕ್ಕೆ ಬನ್ನಿ.

ಗಣಿತ ಮೇಷ್ಟ್ರು
ವಿಷಯಕ್ಕೆ ಬಂದೆ. ನಮ್ಮವರಿಗೆ ಯೆಸ್ ಜೊತೆ ಒಂದು ನಂಟಿದೆ, ಅದನ್ನೂ ಯಾರೂ ಹೇಳಲಿಲ್ಲ. 1973ರ 'ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಶನ್ಸ್' ಪೂರ್ತಿ ಹುಟ್ಟಿದ್ದು ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿಯಿಂದ. ಬ್ರುಫರ್ಡ್ ಮದುವೆಯಲ್ಲಿ ಜೇಮೀ ಮ್ಯೂರ್ ಅನ್ನುವ ಡ್ರಮ್ಮರ್ ಆ ಪುಸ್ತಕದ ಬಗ್ಗೆ ಆಂಡರ್ಸನ್‌ಗೆ ಹೇಳಿದರು. ಶಾಸ್ತ್ರಗಳು ನಾಲ್ಕು ಬಗೆ ಅನ್ನುವ ಟಿಪ್ಪಣಿ ಅದು. ಅದಕ್ಕೆ ನಾಲ್ಕು ಹಾಡು, ಎರಡು ರೆಕಾರ್ಡಿನ ನಾಲ್ಕು ಮುಖ, ಎಂಬತ್ತು ನಿಮಿಷ! ಶ್ರುತಿ, ಸ್ಮೃತಿ, ಪುರಾಣ, ತಂತ್ರ. ನಮ್ಮ ತಾತನ ಕಪಾಟಿನಲ್ಲಿ ಆ ಪುಸ್ತಕ ಇತ್ತು, ಯಾರೂ ಅಡಿಟಿಪ್ಪಣಿ ಓದಿರಲಿಲ್ಲ.

ಆಗ ಅದಕ್ಕೂ ಜನ ಎಷ್ಟು ಬೈದರು. ಯಾವ ಆಲ್ಬಮ್ಮಿಗೂ ಬೈಗುಳ ತಪ್ಪಿದ್ದಲ್ಲ.

ಮಲ್ಲೇಶ್ವರಂ ಮಾಮ
ಬ್ಯಾಂಡಿನೊಳಗೇ ಬೈದರು ಮೇಷ್ಟ್ರೇ. ವೇಕ್‌ಮನ್‌ಗೆ ಅದು ಒಂಚೂರೂ ಹಿಡಿಸಿರಲಿಲ್ಲ. ಮ್ಯಾಂಚೆಸ್ಟರ್ ಶೋನಲ್ಲಿ ತಮ್ಮ ಪಾಲಿನ ಕೆಲಸ ಜಾಸ್ತಿ ಇಲ್ಲದ್ದಕ್ಕೆ ಕೀಬೋರ್ಡ್ ಮುಂದೆ ಕೂತು ಇಂಡಿಯನ್ ಕರಿ ತಿಂದರು. ಹ್ಯಾಮಂಡ್ ಆರ್ಗನ್ ಕೆಳಗಿದ್ದ ಸಹಾಯಕ ಅವರೇನೋ ಹೇಳಿದ್ದನ್ನು ತಪ್ಪು ಕೇಳಿಸಿಕೊಂಡು ಶೋ ನಡುವೆಯೇ ತರಿಸಿಬಿಟ್ಟನಂತೆ. ಮೇಲೆ ವೇದಿಕೆಯಲ್ಲಿ ಯೋಗಾನಂದರ ಶಾಸ್ತ್ರ, ಪಕ್ಕದಲ್ಲಿ ವಿಂಡಾಲು ವಾಸನೆ.

ಬೇಸ್ ಬಸ್ಯಾ
ಅಂಥ ಬ್ಯಾಂಡನ್ನು ಯಾರು ಬೇಡ ಅಂತಾರೆ. 2014ರಲ್ಲಿ ಯಾರೂ ಕರಿ ತಿನ್ನಲಿಲ್ಲ, ಅದೇ ಪ್ರಾಬ್ಲಮ್.

ಶಾಂತಲಾ ಮಿಕ್ಸಿಂಗ್
ಬಸ್ಯಾ ತಮಾಷೆಗೆ ಹೇಳಿದ್ದರಲ್ಲಿ ಹುರುಳಿದೆ. 'ಟೇಲ್ಸ್' ಅತಿಯಾಯಿತು ಅಂತ ಬೈದರು. 'ಹೆವನ್ ಅಂಡ್ ಅರ್ತ್' ಸಪ್ಪೆ ಅಂತ ಬೈದರು. ಎರಡೂ ಒಂದೇ ಅಲ್ಲ ಮೇಷ್ಟ್ರೇ. ಅತಿಯಾದದ್ದನ್ನು ಐವತ್ತು ವರ್ಷ ಬಿಟ್ಟು ಕೇಳಿದರೆ ಅದರಲ್ಲಿ ಏನಾದರೂ ಸಿಗುತ್ತದೆ. 'ಟೇಲ್ಸ್'ನಲ್ಲಿರುವ 'ದಿ ಏನ್ಷಿಯಂಟ್' ಹಾಡಿನ ಕೊನೆಯಲ್ಲಿ ಹೌ ನುಡಿಸುವ ನೈಲಾನ್ ತಂತಿ ಗಿಟಾರ್ ನಾನು ಈಗಲೂ ಸ್ಪೀಕರ್ ಪರೀಕ್ಷೆಗೆ ಹಾಕುತ್ತೇನೆ. ಸಪ್ಪೆಯಾದದ್ದರಲ್ಲಿ ಆಮೇಲೆ ಹುಡುಕಲು ಏನಿರುತ್ತದೆ?

ಗಣಿತ ಮೇಷ್ಟ್ರು
ಮೇಡಂ, 'ಡ್ರಾಮಾ'ಕ್ಕೆ ಮರ್ಯಾದೆ ಸಿಗಲು ಎಷ್ಟೋ ವರ್ಷ ಹಿಡಿಯಿತು. ಇದಕ್ಕೂ ಸಿಗಬಹುದು, ಸ್ವಲ್ಪ ಕಾಯಿರಿ. ಬ್ರಿಟನ್ ಪಟ್ಟಿಯಲ್ಲಿ 20ನೇ ಸ್ಥಾನ, ಅಮೆರಿಕದಲ್ಲಿ 26. ಜನ ಅಂಗಡಿಗೆ ಹೋಗಿ ಕೊಂಡಿದ್ದಾರಲ್ಲ.

ತಾಳ ತಪ್ಪಿದವ
ಕೊಂಡದ್ದು ಹೆಸರು ನೋಡಿ. ಕೇಳಿದ ಮೇಲೆ ಎಷ್ಟು ಜನ ಇಟ್ಟುಕೊಂಡರು? ಸೆಕೆಂಡ್‌ಹ್ಯಾಂಡ್ ರೆಕಾರ್ಡ್ ಅಂಗಡಿಗೆ ಹೋಗಿ ನೋಡಿ, ಇದು ಹೊಸದರ ಹಾಗೆ ಸಿಗುತ್ತದೆ. 'ಡ್ರಾಮಾ' ಸಿಕ್ಕರೆ ಗೀರು ಬಿದ್ದಿರುತ್ತದೆ.

ರೆಕಾರ್ಡ್ ರಂಗಣ್ಣ
ನನ್ನ 'ಡ್ರಾಮಾ'ದಲ್ಲಿ ಒಂದೂ ಗೀರಿಲ್ಲ. ಸುಮ್ನೆ ಮಾಹಿತಿಗೆ.

ನಿಧಾನಗತಿ
ಎಲ್ಲರೂ ಬೈದಾಯಿತು. ಇಟ್ಟುಕೊಳ್ಳುವಂಥದ್ದು ಒಂದಿದೆ, 'ಸಬ್‌ವೇ ವಾಲ್ಸ್'. ಕೊನೆಯ ಹಾಡು, ಒಂಬತ್ತು ನಿಮಿಷ. ಡೌನ್ಸ್ ಕೀಬೋರ್ಡಿನಲ್ಲಿ ಆರ್ಕೆಸ್ಟ್ರಾ ಥರ ಶುರು ಮಾಡುತ್ತಾರೆ. ಆಮೇಲೆ ಸ್ಕ್ವಯರ್ ಬೇಸ್ ಒಂದು ಓರೆ ತಾಳದ ಗತ್ತು ಹಿಡಿಯುತ್ತದೆ. ನಡುವೆ ಹಾಡು ನಿಂತು ನುಡಿಸಾಟ ಬರುತ್ತದಲ್ಲ, ಅಲ್ಲಿ ಬೇಸು ಒಂದು ಲೆಕ್ಕದಲ್ಲಿ, ಡ್ರಮ್ಸು ಇನ್ನೊಂದು ಲೆಕ್ಕದಲ್ಲಿ. ಆರ್ಗನ್ ಸೋಲೋ, ಅದರ ಬೆನ್ನಿಗೇ ಹೌ ಗಿಟಾರ್. ಅಷ್ಟು ಹೊತ್ತು ಆ ನಾಲ್ವರೂ ಎಚ್ಚರವಾಗಿದ್ದಾರೆ. ಬೇಕರ್, ಮಿಕ್ಸಿಂಗ್, ಗಡುವು ಎಲ್ಲಾ ಅದೇ ಇದ್ದೂ ಈ ಹಾಡು ಬದುಕಿದೆ ಅಂದರೆ, ಅವರಿಗೆ ಕೈಲಾಗದ ಕೆಲಸ ಆಗಿರಲಿಲ್ಲ. ಅದಕ್ಕೇ ನನಗೆ ಉಳಿದ ಏಳರ ಮೇಲೆ ಸಿಟ್ಟು ಜಾಸ್ತಿ.

ಬೇಸ್ ಬಸ್ಯಾ
ಹೂಂ, ಇದನ್ನು ಒಪ್ಪುತ್ತೇನೆ. ಅದನ್ನು ಮೊದಲ ಹಾಡು ಮಾಡಿದ್ದರೆ ಅರ್ಧ ಬೈಗುಳ ಕಡಿಮೆ ಆಗುತ್ತಿತ್ತು. ಕಡೆಯ ಹಾಡಿನವರೆಗೆ ಯಾರು ಕೂತಿರುತ್ತಾರೆ?

ತಾಳ ತಪ್ಪಿದವ
ನಾನು ಡ್ರಮ್ಸ್ ಬಗ್ಗೆ ಹೇಳಿದ್ದಕ್ಕೆ ಈ ಹಾಡಿಗೆ ರಿಯಾಯಿತಿ. ಬೇರೆ ಯಾವುದಕ್ಕೂ ಇಲ್ಲ.

ಎಡಿಸನ್ ಎಕ್ಸ್‌ಪ್ರೆಸ್
ಟೂರ್‌ನಲ್ಲಿ ಇದನ್ನು ನುಡಿಸಬೇಕಿತ್ತು. ನಾನು ನೋಡಿದ ದಿನ ನುಡಿಸಲಿಲ್ಲ.

ರೆಕಾರ್ಡ್ ರಂಗಣ್ಣ
ಈಗ ಮತ್ತೆ ಕೇಳಿದೆ. ನುಡಿಸಾಟ ಪರವಾಗಿಲ್ಲ. ಡೇವಿಸನ್ ಹಾಡಲು ಶುರು ಮಾಡಿದ ಮೇಲೆ ಆಫ್ ಮಾಡಿದೆ.

ನಿಧಾನಗತಿ
ನಿಮ್ಮ ಜೊತೆ ವಾದ ಮಾಡುವುದಕ್ಕಿಂತ ಮೆಜೆಸ್ಟಿಕ್‌ನಲ್ಲಿ ಪಾರ್ಕಿಂಗ್ ಹುಡುಕುವುದು ಸುಲಭ ಸಾರ್.

ಜೋಜೋ ಹುಡುಗ
ಎಲ್ಲರಿಗೂ ಥ್ಯಾಂಕ್ಸ್. 'ಸಬ್‌ವೇ ವಾಲ್ಸ್' ಕೇಳಿದೆ, ಸೂಪರ್. 'ಡ್ರಾಮಾ' ಡೌನ್‌ಲೋಡ್ ಆಗುತ್ತಿದೆ. ಅದಾದ ಮೇಲೆ ಯೋಗಾನಂದರದ್ದು ಕೇಳಲಾ, ಅಥವಾ 'ರಿಲೇಯರ್' ಆಲ್ಬಮ್ ಮೊದಲು ಕೇಳಲಾ?

ಗಣಿತ ಮೇಷ್ಟ್ರು
'ಟೇಲ್ಸ್' ಕೇಳಪ್ಪ. ನಾಲ್ಕೂ ಮುಖ, ಒಂದೇ ಸಲಕ್ಕೆ.

ಮಲ್ಲೇಶ್ವರಂ ಮಾಮ
ಮೇಷ್ಟ್ರೇ, ಹುಡುಗ ಈಗಷ್ಟೇ ಬಂದಿದ್ದಾನೆ, ಓಡಿಸಬೇಡಿ. ಮಗು, 'ರಿಲೇಯರ್' ಕೇಳು. 'ಗೇಟ್ಸ್ ಆಫ್ ಡೆಲಿರಿಯಮ್'ನಲ್ಲಿ ಯುದ್ಧದ ಭಾಗ ಬಂದಾಗ ಸೌಂಡ್ ಕಮ್ಮಿ ಮಾಡಬೇಡ, ಮನೆಯವರು ಏನಂದರೂ.

ಶಾಂತಲಾ ಮಿಕ್ಸಿಂಗ್
ಹೆಡ್‌ಫೋನಿನಲ್ಲಿ ಕೇಳು ತಮ್ಮಾ. ಮನೆಯವರೂ ಬದುಕಬೇಕು.

ರೆಕಾರ್ಡ್ ರಂಗಣ್ಣ
'ಟೇಲ್ಸ್'ಗೂ 'ರಿಲೇಯರ್'ಗೂ ಬೇರೆ ಥ್ರೆಡ್ ಹಾಕಿ. ಮೇಷ್ಟ್ರ ಜೊತೆ ನನಗೆ ಅಲ್ಲಿ ಸ್ವಲ್ಪ ಕೆಲಸ ಇದೆ.